ನಮ್ಮ ವಾರ್ಡಿನ ನೀರುಗಂಟಿ ಯಾರು?

2026ರ ಜನವರಿ 15ರಂದು ಮಹಾರಾಷ್ಟ್ರದ 29 ಮಹಾನಗರಪಾಲಿಕೆಗಳಿಗೆ ಮತದಾನ ನಡೆಯಿತು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರೂ ಸಾಲಿನಲ್ಲಿ ನಿಂತು ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದರು. ನವಿಮುಂಬಯಿಯ ಚುನಾಯಿತ ಸಭೆಯ ಅವಧಿ 2020ರ ಮೇ ತಿಂಗಳಿನಲ್ಲೂ, ಕಲ್ಯಾಣ-ಡೊಂಬಿವಲಿಯದು ಅದೇ ವರ್ಷದ ನವೆಂಬರಿನಲ್ಲೂ, ಥಾಣೆಯದು 2022ರ ಮಾರ್ಚಿನಲ್ಲೂ ಮುಗಿದಿತ್ತು. ಅಂದಿನಿಂದ ಈ ನಗರಗಳನ್ನು ಆಡಳಿತಾಧಿಕಾರಿಗಳೇ ನಡೆಸಿದರು. ಸರ್ವೋಚ್ಚ ನ್ಯಾಯಾಲಯ 2025ರಲ್ಲಿ ಕಟ್ಟುನಿಟ್ಟಾಗಿ ಹೇಳಿದ ಮೇಲೆ ಚುನಾವಣೆ ಬಂತು.

ಚುನಾವಣೆ ತಡವಾದರೂ ಮುಗಿಲು ಕಾಯಲಿಲ್ಲ. ಈ ಅವಧಿಯಲ್ಲಿಯೇ 2020ರ ಜೂನ್ 3ರಂದು ‘ನಿಸರ್ಗ’ ಚಂಡಮಾರುತ ಅಲಿಬಾಗದ ಬಳಿ ದಡ ಮುಟ್ಟಿತು. ಮರುವರ್ಷ ಮೇ ತಿಂಗಳಲ್ಲಿ ‘ತೌಕ್ತೆ’ ಕರಾವಳಿಯನ್ನು ಸವರಿಕೊಂಡು ಹೋಯಿತು. 2021ರ ಜುಲೈನಲ್ಲಿ ಕಲ್ವಾದ ಗುಡ್ಡದಡಿಯ ವಸತಿಯಲ್ಲಿ ಮಣ್ಣು ಕುಸಿದು ಐವರು ಸತ್ತರು. 2023ರ ಏಪ್ರಿಲ್ 16ರಂದು ಖಾರ್‌ಘರ್‌ನ ಬಯಲಿನಲ್ಲಿ ಸಮಾರಂಭವೊಂದಕ್ಕೆ ಬಂದಿದ್ದವರಲ್ಲಿ 14 ಮಂದಿ ಬಿಸಿಲಿನ ಬೇಗೆಗೆ ಬಲಿಯಾದರು. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬಯಿ ತಲುಪಿತು. ಇವುಗಳಲ್ಲಿ ಯಾವುದೂ ಒಂದೇ ಕಾರಣದಿಂದ ಆದದ್ದಲ್ಲ. ಆದರೆ ಎಲ್ಲದರ ಬಿಸಿಯೂ ತಣ್ಣಗೂ ತಟ್ಟಿದ್ದು ಒಂದೇ ಬಾಗಿಲನ್ನು. ಅದು ಸ್ಥಳೀಯ ಸಂಸ್ಥೆಯ ಬಾಗಿಲು.

ಹವಾಮಾನ ಬದಲಾವಣೆ ಎಂದೊಡನೆ ನಮ್ಮ ಮನಸ್ಸು ಕರಗುವ ಹಿಮಗಡ್ಡೆಗಳ ಕಡೆಗೋ, ರಾಷ್ಟ್ರನಾಯಕರು ಸೇರುವ ಜಾಗತಿಕ ಸಮ್ಮೇಳನಗಳ ಕಡೆಗೋ ಹೋಗುತ್ತದೆ. ಅಂಥ ದೊಡ್ಡ ಮಾತುಗಳನ್ನು ಆಡುವ ಅರ್ಹತೆ ನನಗಿಲ್ಲ. ಕೇಂದ್ರ ಸರಕಾರದ ಕಛೇರಿಯೊಂದರಲ್ಲಿ ಕಡತಗಳ ನಡುವೆಯೇ ಆಯುಷ್ಯದ ಬಹುಪಾಲನ್ನು ಕಳೆದವನು ನಾನು. ಯಾವುದೇ ಸಂಗತಿ ನನ್ನ ಮುಂದೆ ಬಂದಾಗ ಮೊದಲು ಏಳುವ ಪ್ರಶ್ನೆಗಳು ಮೂರು: ಇದು ಯಾರ ಹೊಣೆ? ಯಾವ ತಾರೀಖಿನೊಳಗೆ? ಯಾವ ಲೆಕ್ಕಶೀರ್ಷಿಕೆಯ ಹಣದಿಂದ? ಈ ಮೂರಕ್ಕೂ ಉತ್ತರವಿಲ್ಲದ ಯೋಜನೆ ಎಷ್ಟೇ ಅಂದವಾಗಿ ಅಚ್ಚಾಗಿದ್ದರೂ ಕಪಾಟಿನ ಅಲಂಕಾರವಾಗಿ ಉಳಿಯುತ್ತದೆ. ನಮ್ಮ ನಾಲ್ಕು ನಗರಗಳ ಸಿದ್ಧತೆಯನ್ನು ಈ ಮೂರು ಪ್ರಶ್ನೆಗಳಿಂದಲೇ ಪರೀಕ್ಷಿಸಿ ನೋಡೋಣ.

ಮೊದಲು ಮಳೆಯ ವಿಚಾರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆಯಾಯಿತು. ಮುಂಬಯಿಯ ಹಳೆಯ ಚರಂಡಿಗಳನ್ನು ರೂಪಿಸಿದವರು ಗಂಟೆಗೆ 25 ಮಿ.ಮೀ. ಮಳೆಯನ್ನು, ಅದೂ ಸಮುದ್ರ ಇಳಿತದಲ್ಲಿದ್ದಾಗ, ಹೊರಹಾಕುವ ಲೆಕ್ಕ ಹಾಕಿದ್ದರು. ಆ ಲೆಕ್ಕ ಅವರ ಕಾಲದ ಮಳೆಗೆ ಸರಿಯಾಗಿಯೇ ಇತ್ತು, ಬದಲಾದದ್ದು ಮಳೆ. 1950ರಿಂದ 2015ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು, ಮಧ್ಯಭಾರತದ ಪಟ್ಟಿಯಲ್ಲಿ ವಿಸ್ತಾರ ಪ್ರದೇಶವನ್ನು ಆವರಿಸುವ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟು ಹೆಚ್ಚಿವೆಯೆಂದು 2017ರಲ್ಲಿ ಪ್ರಕಟಿಸಿದರು. ಅರಬ್ಬೀ ಸಮುದ್ರ ಕಾಯುತ್ತಿರುವುದರಿಂದ ಗಾಳಿ ಹೊತ್ತು ತರುವ ತೇವ ಹೆಚ್ಚಿದೆ. ಹಿಂದೆ ವಾರವಿಡೀ ಹದವಾಗಿ ಸುರಿಯುತ್ತಿದ್ದ ನೀರು ಈಗ ಮೂರು ತಾಸಿನಲ್ಲಿ ತಲೆಯ ಮೇಲೆ ಬೀಳುತ್ತದೆ. ವರ್ಷದ ಒಟ್ಟು ಮಳೆಯ ಅಂಕಿಯನ್ನಷ್ಟೇ ನೋಡುವವನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ತಾರೀಖಿನ ಪ್ರಶ್ನೆ ಇಲ್ಲಿಯೇ ಏಳುತ್ತದೆ. ನಮ್ಮ ಪಾಲಿಕೆಗಳಲ್ಲಿ ನಾಲೆಗಳ ಹೂಳೆತ್ತುವ ಕೆಲಸಕ್ಕೆ ಮೇ 31 ವಾಡಿಕೆಯ ಗಡುವು. ಜೂನ್ ಎರಡನೆಯ ವಾರದ ಹೊತ್ತಿಗೆ ಮಳೆ ಬರುತ್ತದೆಂಬ ಹಳೆಯ ನಂಬಿಕೆಯ ಮೇಲೆ ನಿಂತ ಗಡುವು ಅದು. ಮೇ 26ಕ್ಕೆ ಮಳೆ ಬಂದ ವರ್ಷದಲ್ಲಿ ಎತ್ತಿ ದಂಡೆಯ ಮೇಲೆ ಹಾಕಿದ ಹೂಳು ಮತ್ತೆ ನಾಲೆಗೇ ಇಳಿಯುವುದನ್ನು ಯಾವ ಗುತ್ತಿಗೆಯ ಕರಾರೂ ತಡೆಯಲಾರದು. ಆರ್ಥಿಕ ವರ್ಷದ ಕೊನೆಯಲ್ಲಿ ಟೆಂಡರು ಕರೆದು, ಏಪ್ರಿಲಿನಲ್ಲಿ ಮಂಜೂರಾತಿ ಕೊಟ್ಟು, ಮೇ ತಿಂಗಳಲ್ಲಿ ಯಂತ್ರ ಇಳಿಸುವ ಕ್ರಮ ಬದಲಾಗದೆ ಗತ್ಯಂತರವಿಲ್ಲ. ಎರಡು ವರ್ಷಕ್ಕೆ ಒಮ್ಮೆಗೇ ಗುತ್ತಿಗೆ ಕೊಡಲಿ. ದೀಪಾವಳಿ ಕಳೆದೊಡನೆ ಕೆಲಸ ಹಿಡಿಯಲಿ. ಮಳೆಗಾಲದ ನಡುವೆ ಇನ್ನೊಮ್ಮೆ ಎತ್ತಲಿ. ಇದಕ್ಕೆ ವಿದೇಶೀ ತಂತ್ರಜ್ಞಾನ ಬೇಕಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರ ಗಾದೆಯನ್ನು ಅರಿತಿದ್ದರೆ ಸಾಕು.

ಇನ್ನು ಹೊಣೆಯ ಪ್ರಶ್ನೆ. ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಕೆರೆಗೆ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ತೆಗೆಯುವವನೂ ಮುಚ್ಚುವವನೂ ಅವನೇ. ಮಳೆ ಜೋರಾದ ರಾತ್ರಿ ಕಂದೀಲು ಹಿಡಿದು ಏರಿಯ ಮೇಲೆ ನಡೆದು ಎಲ್ಲಿ ಜಿನುಗುತ್ತಿದೆ, ಕೋಡಿ ಎಷ್ಟು ಹರಿಯುತ್ತಿದೆ ಎಂದು ನೋಡುವವನೂ ಅವನೇ. ಸುಗ್ಗಿಯಲ್ಲಿ ಊರಿನವರು ಅವನಿಗೆ ಧಾನ್ಯ ಅಳೆದುಕೊಡುತ್ತಿದ್ದರು. ಆ ವ್ಯವಸ್ಥೆಯ ಜಾತಿಕಟ್ಟುಗಳನ್ನು ನಾನು ಕೊಂಡಾಡುತ್ತಿಲ್ಲ. ಅದರೊಳಗಿದ್ದ ಒಂದು ತಿಳಿವನ್ನು ಮಾತ್ರ ನೆನೆಯುತ್ತಿದ್ದೇನೆ. ಕೆರೆ ಒಡೆದರೆ ಯಾರನ್ನು ಕೇಳಬೇಕೆಂಬುದು ಇಡೀ ಊರಿಗೆ ಗೊತ್ತಿತ್ತು. ಇಂದು ನಮ್ಮ ಕಟ್ಟಡದ ಗೇಟಿನೊಳಗೆ ನೀರು ನುಗ್ಗಿದರೆ ಯಾರನ್ನು ಕೇಳಬೇಕು?

ನವಿಮುಂಬಯಿಯನ್ನೇ ನೋಡಿ. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಈ ನಗರವನ್ನು ಖಾಡಿಯಂಚಿನ ತಗ್ಗು ನೆಲದಲ್ಲಿ ಕಟ್ಟಿತು. ಭರತದ ವೇಳೆ ಸಮುದ್ರದ ಮಟ್ಟ ನೆಲದ ಮಟ್ಟಕ್ಕಿಂತ ಮೇಲೇರುವ ಜಾಗಗಳಿವೆಯೆಂದು ತಿಳಿದೇ, ಡಚ್ಚರ ಪದ್ಧತಿಯನ್ನು ಅನುಸರಿಸಿ, ‘ಹೋಲ್ಡಿಂಗ್ ಪಾಂಡ್’ ಎಂಬ ತಡೆಕೆರೆಗಳನ್ನು ನಿರ್ಮಿಸಿತು. ಭರತ ಬಂದಾಗ ಬಾಗಿಲುಗಳು ಮುಚ್ಚಿಕೊಂಡು ಸಮುದ್ರವನ್ನು ಹೊರಗೆ ನಿಲ್ಲಿಸುತ್ತವೆ. ಊರಿನ ಮಳೆನೀರು ತಡೆಕೆರೆಯಲ್ಲಿ ಕಾಯುತ್ತದೆ. ಇಳಿತವಾದಾಗ ಬಾಗಿಲು ತೆರೆದು ಖಾಡಿಗೆ ಹೋಗುತ್ತದೆ. ದೂರದೃಷ್ಟಿಯ ಕೆಲಸವೇ ಸರಿ. ಆದರೆ ಕೆರೆ ಎಂದ ಮೇಲೆ ಹೂಳು ತುಂಬುತ್ತದೆ. ತುಂಬಿದ ಹೂಳಿನಲ್ಲಿ ಕಾಂಡ್ಲಾ ಗಿಡಗಳು ಬೆಳೆದವು. ಕಾಂಡ್ಲಾ ಕಾಡನ್ನು ನಾಶಮಾಡುವುದು ಬದುಕುವ ಹಕ್ಕಿಗೇ ವಿರುದ್ಧವೆಂದು ಮುಂಬಯಿ ಉಚ್ಚ ನ್ಯಾಯಾಲಯ 2018ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಅಲೆಯ ಹೊಡೆತ ತಾಳುವ, ಮೀನುಮರಿಗಳನ್ನು ಪೊರೆಯುವ ಆ ಕಾಡಿಗೆ ಅಂಥ ರಕ್ಷಣೆ ಸಲ್ಲಬೇಕಾದದ್ದೇ. ಪರಿಣಾಮವಾಗಿ ತಡೆಕೆರೆಯ ಹೂಳೆತ್ತಲು ಪಾಲಿಕೆ, ಕರಾವಳಿ ವಲಯ ಪ್ರಾಧಿಕಾರ, ಅರಣ್ಯ ಇಲಾಖೆ, ನ್ಯಾಯಾಲಯಗಳ ಬಾಗಿಲುಗಳನ್ನು ಒಂದೊಂದಾಗಿ ತಟ್ಟಬೇಕಾಗಿದೆ. ಎರಡು ಒಳ್ಳೆಯ ಸಂಗತಿಗಳು ಎದುರುಬದುರಾಗಿ ನಿಂತಾಗ ತೀರ್ಮಾನಿಸುವವರು ಯಾರೂ ಇಲ್ಲದಿದ್ದರೆ ಹೂಳು ಮಾತ್ರ ತನ್ನ ಕೆಲಸವನ್ನು ನಿಲ್ಲಿಸದೆ ಮಾಡುತ್ತಿರುತ್ತದೆ.

ಆದರೂ ಇದೇ ನವಿಮುಂಬಯಿಯಿಂದ ಕಲಿಯುವುದೂ ಇದೆ. ಆ ಪಾಲಿಕೆ 2002ರಲ್ಲಿ ಖಾಲಾಪುರದ ಬಳಿಯ ಮೋರ್ಬೆ ಜಲಾಶಯವನ್ನು ತನ್ನದಾಗಿಸಿಕೊಂಡಿತು. ಸ್ವಂತ ಅಣೆಕಟ್ಟು ಇರುವ ನಗರಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಐರೋಲಿ ಮತ್ತು ಕೋಪರ್‌ಖೈರಣೆಗಳಲ್ಲಿ ಕೊಳಚೆನೀರನ್ನು ಮೂರನೆಯ ಹಂತದವರೆಗೆ ಶುದ್ಧಿಮಾಡಿ ಕೈಗಾರಿಕೆಗಳಿಗೆ ಕೊಡುವ ಘಟಕಗಳನ್ನೂ ಕಟ್ಟಿದೆ. ಮಳೆ ತಪ್ಪಿದ ವರ್ಷದಲ್ಲಿ ಕಾರ್ಖಾನೆ ಕುಡಿಯುವ ನೀರಿಗೆ ಕೈಹಾಕದಿರಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಸ್ಥಳೀಯ ಸಂಸ್ಥೆಗೆ ಮನಸ್ಸಿದ್ದರೆ ಇಪ್ಪತ್ತು ವರ್ಷ ಮುಂದಿನದನ್ನು ಯೋಚಿಸಬಲ್ಲದೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಖಾಡಿಯ ಈಚೆ ದಡದ ಥಾಣೆಗೆ ಬರೋಣ. ರಾಷ್ಟ್ರಕೂಟರ ಸಾಮಂತರಾಗಿ ಬೆಳೆದ ಉತ್ತರ ಕೊಂಕಣದ ಶಿಲಾಹಾರರಿಗೆ ಇದು ‘ಸ್ಥಾನಕ’ವೆಂಬ ರಾಜಧಾನಿಯಾಗಿತ್ತು. ಮಾಸುಂದಾ, ಕಚರಾಳಿ, ಉಪವನ ಮೊದಲಾದ ಮೂವತ್ತಕ್ಕೂ ಹೆಚ್ಚು ಕೆರೆಗಳಿರುವ ಈ ಊರನ್ನು ಮರಾಠಿಗರು ಇಂದಿಗೂ ಕೆರೆಗಳ ಶಹರವೆಂದೇ ಕರೆಯುತ್ತಾರೆ. ಕೆರೆಯ ದಂಡೆಗೆ ಗ್ರಾನೈಟು ಹಾಸಿ, ಬಣ್ಣದ ದೀಪ ಹಾಕಿ, ನಡೆದಾಡುವ ಹಾದಿ ಮಾಡುವುದು ನಮ್ಮ ಕಾಲದ ಸೌಂದರ್ಯೀಕರಣ. ಸಂಜೆಯ ಹೊತ್ತು ಅಲ್ಲಿ ಕುಳಿತವರಿಗೆ ಹಿತವಾಗಿರುವುದು ನಿಜ. ಆದರೆ ಕೆರೆಗೆ ನೀರು ಬರುವ ಕಾಲುವೆ ಎಲ್ಲಿದೆ, ಹೆಚ್ಚಾದ ನೀರು ಹೋಗುವ ಕೋಡಿ ಎಲ್ಲಿದೆ? ಅವೆರಡೂ ಕಟ್ಟಡಗಳ ಕೆಳಗೆ ಹೂತುಹೋದರೆ ಕೆರೆ ಬರಿಯ ನೀರಿನ ತೊಟ್ಟಿಯಾಗುತ್ತದೆ. ಯೇವೂರಿನ ಕಾಡುಬೆಟ್ಟದಿಂದ ಘೋಡ್‌ಬಂದರ್ ರಸ್ತೆಯನ್ನು ದಾಟಿ ಖಾಡಿಗೆ ಇಳಿಯಬೇಕಾದ ಹಳ್ಳಗಳ ಗತಿಯೂ ಇದೇ. ಬೆಂಗಳೂರಿನಲ್ಲಿ ರಾಜಕಾಲುವೆಗಳನ್ನು ಒತ್ತಿಕಟ್ಟಿದ್ದಕ್ಕೆ 2022ರ ಸೆಪ್ಟೆಂಬರಿನಲ್ಲಿ ಕೋಟಿ ಬೆಲೆಯ ಬಂಗಲೆಗಳ ನಿವಾಸಿಗಳೂ ಟ್ರ್ಯಾಕ್ಟರ್ ಏರಿ ಹೊರಬರಬೇಕಾಯಿತು. ಆ ಚಿತ್ರಗಳನ್ನು ನಾವೆಲ್ಲ ಇಲ್ಲಿ ಕುಳಿತು ನೋಡಿದೆವು. ಅಲ್ಲಿ ಆದದ್ದು ಇಲ್ಲಿ ಆಗದೆಂದು ಹೇಳಲು ಆಧಾರವಿಲ್ಲ.

ಕಲ್ಯಾಣದ ಸಮಸ್ಯೆ ಇನ್ನೂ ಜಟಿಲವಾದದ್ದು. ಶರಣರ ಕಲ್ಯಾಣವನ್ನಲ್ಲ, ಉಲ್ಹಾಸ್ ನದಿಯ ದಂಡೆಯ ಈ ಕಲ್ಯಾಣವನ್ನು ಕುರಿತು ಹೇಳುತ್ತಿದ್ದೇನೆ. ಉಲ್ಹಾಸ್ ನದಿ ಖಂಡಾಲಾ-ರಾಜಮಾಚಿಯ ಬೆಟ್ಟಸಾಲಿನಿಂದ ಇಳಿದು ಕರ್ಜತ್, ಬದಲಾಪುರಗಳನ್ನು ಹಾಯ್ದು ಕಲ್ಯಾಣಕ್ಕೆ ಬರುತ್ತದೆ. ಆದ್ದರಿಂದ ಕಲ್ಯಾಣದ ನೆರೆಯ ಬೀಜ ಕರ್ಜತ್ತಿನ ಮಳೆಯಲ್ಲಿದೆ. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ಮತ್ತು ವಾಂಗಣಿಯ ನಡುವೆ ಈ ನದಿಯ ನೆರೆಯಲ್ಲಿ ಸಿಕ್ಕಿಕೊಂಡು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಕರೆತರಬೇಕಾದದ್ದು ಬಹುಮಂದಿಗೆ ನೆನಪಿರಬಹುದು. ಉಪನದಿ ವಾಲಧುನಿಯ ಕಥೆ ಮತ್ತೊಂದು. 1060ರಲ್ಲಿ ಶಿಲಾಹಾರರ ಕಾಲದಲ್ಲಿ ಕಟ್ಟಿದ ಅಂಬರನಾಥದ ಶಿವಾಲಯದ ಮಗ್ಗುಲಲ್ಲಿ ಹರಿಯುವ ಆ ಪುಟ್ಟ ನದಿ ಅಂಬರನಾಥ, ಉಲ್ಹಾಸನಗರ, ಕಲ್ಯಾಣಗಳೆಂಬ ಮೂರು ಸ್ಥಳೀಯ ಸಂಸ್ಥೆಗಳ ಕೊಳೆಯನ್ನೂ ಕಾರ್ಖಾನೆಗಳ ಕಶ್ಮಲವನ್ನೂ ಹೊತ್ತು ಖಾಡಿ ಸೇರುತ್ತದೆ. ಮೇಲಿನವರು ದಂಡೆಯನ್ನು ಕಟ್ಟಿ ಬಿಗಿದರೆ ಕೆಳಗಿನವರ ಮನೆಗೆ ನೀರು ವೇಗವಾಗಿ ಬರುತ್ತದೆ. ನದಿಗೆ ಪಾಲಿಕೆಯ ಗಡಿ ತಿಳಿಯದು. ಪಾಲಿಕೆಯ ಕಡತಕ್ಕೆ ನದಿಯ ಮೇಲುಗಡೆ ತಿಳಿಯದು.

ಗಡಿಗಳೂ ಸ್ಥಿರವಾಗಿಲ್ಲ. ಡೊಂಬಿವಲಿ-ಕಲ್ಯಾಣದ ಸುತ್ತಲಿನ 27 ಹಳ್ಳಿಗಳು 2002ರಲ್ಲಿ ಪಾಲಿಕೆಯಿಂದ ಹೊರಗೆ ಹೋಗಿ 2015ರಲ್ಲಿ ಮತ್ತೆ ಒಳಗೆ ಬಂದವು. ಆ ನಡುವಣ ವರ್ಷಗಳಲ್ಲಿ ಎದ್ದ ಕಟ್ಟಡಗಳಿಗೆ ನಗರದ ಚರಂಡಿಯ ಲೆಕ್ಕವೂ ಇರಲಿಲ್ಲ, ಹಳ್ಳಿಯ ಹಳ್ಳದ ಲೆಕ್ಕವೂ ಇರಲಿಲ್ಲ. ಡೊಂಬಿವಲಿಯಲ್ಲಿ ಎಂ.ಐ.ಡಿ.ಸಿ.ಯ ಹೊಣೆ ಎಲ್ಲಿ ಮುಗಿದು ಪಾಲಿಕೆಯದು ಎಲ್ಲಿ ಆರಂಭವಾಗುತ್ತದೆಂಬುದು ಮತ್ತೊಂದು ಹಳೆಯ ತಕರಾರು. ಥಾಣೆ ಜಿಲ್ಲೆಯೊಂದರಲ್ಲಿಯೇ ಆರು ಮಹಾನಗರಪಾಲಿಕೆಗಳಿವೆ. ಇವೆಲ್ಲ ಒಂದು ನದಿಗೆ ಒಂದು ಮೇಜು ಎಂಬ ಕ್ರಮಕ್ಕೆ ಒಪ್ಪಬೇಕು. 2006ರಲ್ಲಿ ತಾಪಿಯ ನೆರೆಯಲ್ಲಿ ಮುಳುಗಿದ ಸೂರತ್ತು, ಉಕಾಯಿ ಜಲಾಶಯದಿಂದ ನಗರದ ವಾರ್ಡಿನವರೆಗೆ ಮುನ್ಸೂಚನೆಯ ಸರಪಣಿಯೊಂದನ್ನು ಕಟ್ಟಿಕೊಂಡಿತು. ಕರ್ಜತ್ತಿನಲ್ಲಿ ಮಧ್ಯರಾತ್ರಿ ಬಿದ್ದ ಮಳೆಯ ಅಳತೆ ಕಲ್ಯಾಣದ ನದೀತೀರದ ಬಡಾವಣೆಗೆ ನಸುಕಿಗೆ ಮುನ್ನ ತಲುಪುವಂತೆ ಮಾಡುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ.

ನೀರಿನಷ್ಟು ಸದ್ದು ಮಾಡದೆ ಕೊಲ್ಲುವುದು ಬಿಸಿಲು. ಬಯಲಿನಲ್ಲಿ ಉಷ್ಣಾಂಶ 40 ಡಿಗ್ರಿ ತಲುಪಿದಾಗ ಬಿಸಿಗಾಳಿಯ ಎಚ್ಚರಿಕೆಯನ್ನು ಯೋಚಿಸುವ ಹವಾಮಾನ ಇಲಾಖೆ ಕರಾವಳಿಗೆ 37 ಡಿಗ್ರಿಯನ್ನೇ ಗೆರೆಯಾಗಿ ಇಟ್ಟುಕೊಂಡಿದೆ. ಕಾರಣ ಸರಳ: ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. 2010ರ ಮೇ ತಿಂಗಳಿನ ಬೇಗೆಯಲ್ಲಿ ವಾಡಿಕೆಗಿಂತ ಸುಮಾರು 1,300 ಹೆಚ್ಚು ಸಾವುಗಳನ್ನು ಕಂಡ ಅಹಮದಾಬಾದ್ ಪಾಲಿಕೆ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಉಷ್ಣ ಕ್ರಿಯಾಯೋಜನೆಯನ್ನು ಜಾರಿಗೆ ತಂದಿತು. ಬಣ್ಣದ ಎಚ್ಚರಿಕೆ, ಆಸ್ಪತ್ರೆಗಳಲ್ಲಿ ಮಂಜುಗಡ್ಡೆಯ ಸಿದ್ಧತೆ, ಕೂಲಿಗಳ ಕೆಲಸದ ವೇಳೆಯ ಬದಲಾವಣೆ, ನೀರು-ನೆರಳಿನ ತಾಣಗಳು ಇವೇ ಅದರ ಅಂಗಗಳು. ಥಾಣೆ ಪಾಲಿಕೆಯೂ 2024ರಲ್ಲಿ ಅಂಥದೊಂದು ಯೋಜನೆಯನ್ನು ಹೊರತಂದಿರುವುದು ಸ್ವಾಗತಾರ್ಹ. ಖಾರ್‌ಘರ್‌ನ ದುರಂತದ ಬಳಿಕ ಏಪ್ರಿಲ್-ಮೇ ತಿಂಗಳುಗಳ ಮಧ್ಯಾಹ್ನ ಬಯಲಿನಲ್ಲಿ ಜನ ಸೇರಿಸಲು ಅನುಮತಿ ಕೊಡುವ ಮುನ್ನ ನೆರಳು, ನೀರು, ವೈದ್ಯರ ಲೆಕ್ಕವನ್ನು ಕೇಳುವುದು ಪ್ರತಿ ಪಾಲಿಕೆಯ ಕರ್ತವ್ಯವಾಗಬೇಕು.

ಇಷ್ಟೆಲ್ಲಕ್ಕೂ ಅಧಿಕಾರ ಎಲ್ಲಿದೆಯೆಂದು ಕೇಳುವವರಿದ್ದಾರೆ. 1992ರ 74ನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳ 18 ವಿಷಯಗಳಿವೆ. ‘ಹವಾಮಾನ’ ಎಂಬ ಪದ ಆ ಪಟ್ಟಿಯಲ್ಲಿಲ್ಲ. ಆದರೆ ನಗರಯೋಜನೆ, ಭೂಬಳಕೆ, ನೀರು ಸರಬರಾಜು, ನೈರ್ಮಲ್ಯ, ಸಾರ್ವಜನಿಕ ಆರೋಗ್ಯ, ಕೊಳೆಗೇರಿ ಸುಧಾರಣೆ, ಅಗ್ನಿಶಾಮಕ ಸೇವೆ, ಪರಿಸರ ರಕ್ಷಣೆಗಳಿವೆ. ಬದಲಾದ ಹವೆಯನ್ನು ಎದುರಿಸಲು ಇವಿಷ್ಟನ್ನೇ ಬದಲಾದ ಅಂಕಿಗಳಿಂದ ಮಾಡಬೇಕಾಗಿದೆ. ಇನ್ನೊಂದು ಸಂಗತಿ ಬಹುಮಂದಿಗೆ ತಿಳಿಯದು. ಮಹಾರಾಷ್ಟ್ರದ ಪಾಲಿಕೆ ಕಾಯಿದೆಯಂತೆ ಪ್ರತಿವರ್ಷ ಜುಲೈ 31ರೊಳಗೆ ಆಯುಕ್ತರು ನಗರದ ಪರಿಸರ ಸ್ಥಿತಿಯ ವರದಿಯನ್ನು ಪಾಲಿಕೆಯ ಮುಂದಿಡಬೇಕು. ಚುನಾಯಿತ ಸಭೆಯೇ ಇಲ್ಲದ ವರ್ಷಗಳಲ್ಲಿ ಆ ವರದಿಯನ್ನು ಮುಂದಿಡುವವರೂ ನೋಡುವವರೂ ಒಂದೇ ಕುರ್ಚಿಯವರಾಗಿದ್ದರು. ಈಗ ಸಭೆ ಇದೆ; ಪ್ರಶ್ನೆ ಕೇಳುವ ಬಾಯಿಗಳಿವೆ. ಹಣದ ವಿಷಯದಲ್ಲಿ ಮುಂಬಯಿ ಪಾಲಿಕೆ ದಾರಿ ತೋರಿದೆ: 2022ರಲ್ಲಿ ಹವಾಮಾನ ಕ್ರಿಯಾಯೋಜನೆ ತಂದು, 2024ರಲ್ಲಿ ತನ್ನ ಆಯವ್ಯಯದಲ್ಲಿ ಆ ಕೆಲಸಗಳಿಗೆ ಸಲ್ಲುವ ಮೊತ್ತವನ್ನು ಬೇರೆಯಾಗಿ ತೋರಿಸತೊಡಗಿತು. ಬೇರೆಯಾಗಿ ತೋರಿಸದ ಹಣ ಖರ್ಚಾಯಿತೇ ಎಂದು ಕೇಳಲು ಬರುವುದಿಲ್ಲ. ನಮ್ಮ ಮೂರು ಪಾಲಿಕೆಗಳೂ ಅಷ್ಟನ್ನಾದರೂ ಮಾಡಲಿ.

ಹೊಸ ವ್ಯವಸ್ಥೆಯಲ್ಲಿ ಮುಂಬಯಿಯ ಹೊರಗಿನ ಪಾಲಿಕೆಗಳಲ್ಲಿ ಒಂದೊಂದು ಪ್ರಭಾಗಕ್ಕೆ ಸಾಮಾನ್ಯವಾಗಿ ನಾಲ್ವರು ನಗರಸೇವಕರಿದ್ದಾರೆ. ನಾಲ್ವರಿದ್ದಲ್ಲಿ ಹೊಣೆ ನಾಲ್ಕು ಪಟ್ಟು ಆಗಬಹುದು, ಕಾಲು ಭಾಗವೂ ಆಗಬಹುದು. ಹೆಸರು ಹಿಡಿದು ಕೇಳುವವರಿದ್ದರೆ ಮಾತ್ರ ಮೊದಲನೆಯದು ಸಾಧ್ಯ. ಇಲ್ಲಿಯೇ ಹೊರನಾಡ ಕನ್ನಡಿಗರಾದ ನಮ್ಮ ಪಾತ್ರದ ಮಾತು ಬರುತ್ತದೆ.

ಅನ್ನ ಇಲ್ಲಿಯದು, ಊರು ಅಲ್ಲಿಯದು ಎಂಬ ಭಾವ ನಮ್ಮ ಹಿರಿಯರಲ್ಲಿ ಗಟ್ಟಿಯಾಗಿತ್ತು. ಬೇಸಿಗೆಗೆ ಊರಿಗೆ ಹೋಗುವುದು, ನಿವೃತ್ತಿಯ ಬಳಿಕ ಅಲ್ಲಿಯೇ ನೆಲೆಸುವುದು ಅವರ ಲೆಕ್ಕವಾಗಿತ್ತು. ನಮ್ಮ ಮಕ್ಕಳ ಲೆಕ್ಕ ಬೇರೆ. ಅವರ ಶಾಲೆ, ಸ್ನೇಹ, ಸಾಲ ಮಾಡಿ ಕೊಂಡ ಮನೆ ಎಲ್ಲವೂ ಇಲ್ಲಿದೆ. ಈ ನೆಲಕ್ಕೆ ನೀರು ನುಗ್ಗಿದರೆ ಅದು ಅವರ ಮನೆಗೇ ನುಗ್ಗುವ ನೀರು. ಅದಕ್ಕಿಂತ ಮುಖ್ಯವಾಗಿ, ಇಲ್ಲಿಯ ಕನ್ನಡಿಗರೆಂದರೆ ಬ್ಯಾಂಕು, ಕಛೇರಿ, ಹೋಟೆಲುಗಳ ನಾವಷ್ಟೇ ಅಲ್ಲ. ವಿಜಯಪುರ, ಕಲಬುರಗಿ, ಯಾದಗಿರಿಗಳಿಂದ ಬಂದು ಮುಂಜಾನೆ ನಾಕಾಗಳಲ್ಲಿ ಕೂಲಿಗಾಗಿ ನಿಲ್ಲುವವರೂ ಕನ್ನಡಿಗರೇ. ನಮ್ಮ ಕಟ್ಟಡಗಳ ಇಟ್ಟಿಗೆ ಹೊತ್ತವರು, ಗುಡ್ಡದ ಇಳಿಜಾರಿನಲ್ಲೂ ನಾಲೆಯ ಅಂಚಿನಲ್ಲೂ ತಗಡು ಹೊದಿಸಿಕೊಂಡು ಮಲಗುವವರು ಅವರು. ಬಿಸಿಲೂ ನೆರೆಯೂ ಮೊದಲು ಮುಟ್ಟುವುದು ಅವರನ್ನು. ಪಾಲಿಕೆಯ ಎಚ್ಚರಿಕೆಯ ಕರಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಅವರಲ್ಲಿ ಎಷ್ಟೋ ಮಂದಿಗೆ ಅದು ದಕ್ಕುವುದಿಲ್ಲ.

ನಮ್ಮ ಸಂಘಗಳು ಮಾಡಬಹುದಾದ ಕೆಲಸ ಇಲ್ಲಿ ಸ್ಪಷ್ಟವಾಗಿದೆ. ರಾಜ್ಯೋತ್ಸವವೂ ಯಕ್ಷಗಾನವೂ ನಡೆಯಲಿ. ಅವು ನಮ್ಮ ಉಸಿರು. ಜೊತೆಗೆ ಪಾಲಿಕೆಯ ಉಷ್ಣ ಮತ್ತು ನೆರೆ ಸೂಚನೆಗಳನ್ನು ಸಂಘವೇ ಸರಳ ಕನ್ನಡಕ್ಕೆ ತಂದು, ಅಚ್ಚುಹಾಕಿಸಿ, ನಾಕಾಗಳಲ್ಲಿ ನಿಂತು ಓದಿಹೇಳಲಿ. ಸಭಾಭವನವುಳ್ಳ ಸಂಘಗಳು ಮಳೆಗಾಲದಲ್ಲಿ ಆಶ್ರಯಕ್ಕೆ ಅದನ್ನು ತೆರೆದಿಡುವುದಾಗಿ ವಾರ್ಡ್ ಕಛೇರಿಗೆ ಲಿಖಿತವಾಗಿ ತಿಳಿಸಲಿ. ನಿವೃತ್ತ ಇಂಜಿನಿಯರರೂ ವೈದ್ಯರೂ ಲೆಕ್ಕಪತ್ರ ಬಲ್ಲವರೂ ನಮ್ಮಲ್ಲಿ ಕಡಿಮೆಯಿಲ್ಲ. ಪ್ರತಿ ಹೌಸಿಂಗ್ ಸೊಸೈಟಿಯ ಪಕ್ಕದ ನಾಲೆ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ಅವರು ನಡೆದು ನೋಡಿ ಬರೆದಿಡಲಿ. ಇವನ್ನೆಲ್ಲ ಮರಾಠೀ ನೆರೆಹೊರೆಯವರನ್ನು ಕೂಡಿಕೊಂಡೇ ಮಾಡಬೇಕು. ಕನ್ನಡದಲ್ಲಿ ‘ನೆರೆ’ ಎಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ಮೊದಲನೆಯದು ಬಂದಾಗ ಕೈಹಿಡಿಯುವುದು ಎರಡನೆಯದೇ.

ಈ ಸಂಚಿಕೆ ನಿಮ್ಮ ಕೈಸೇರಿದ ವಾರದಲ್ಲಿಯೇ ನಿಮ್ಮ ಪ್ರಭಾಗದ ನಗರಸೇವಕರಿಗೆ ಒಂದು ಪತ್ರ ಬರೆಯಿರೆಂದು ಪ್ರತಿಯೊಬ್ಬ ಓದುಗರನ್ನೂ ಬೇಡುತ್ತೇನೆ. ಅದರಲ್ಲಿ ಮೂರೇ ಪ್ರಶ್ನೆಗಳಿರಲಿ. ನಮ್ಮ ವಾರ್ಡಿನ ನಾಲೆಯ, ಕೆರೆಯ ಅಥವಾ ತಡೆಕೆರೆಯ ಹೊಣೆ ಹೊತ್ತ ಅಧಿಕಾರಿಯ ಹೆಸರೇನು? ಹೂಳೆತ್ತುವ ಕೆಲಸ ಯಾವ ತಾರೀಖಿಗೆ ಮುಗಿಯುತ್ತದೆ? ಅದಕ್ಕೆ ಈ ವರ್ಷದ ಆಯವ್ಯಯದಲ್ಲಿ ಎಷ್ಟು ಹಣವಿದೆ? ಉತ್ತರ ಬಂದರೆ ಸೊಸೈಟಿಯ ಫಲಕದ ಮೇಲೆ ಅಂಟಿಸಿ. ಬಾರದಿದ್ದರೆ ಪತ್ರದ ಪ್ರತಿಯನ್ನೇ ಅಂಟಿಸಿ, ಮತ್ತೊಮ್ಮೆ ಬರೆಯಿರಿ.